ರಕ್ತಸ್ರಾವ: ಮೊದಲ ಮೂರು ಗಂಟೆಗಳ ಬೆಲೆ

ಅಪಘಾತಕ್ಕೀಡಾದವರ ಪ್ರಾಣವನ್ನು ಕಸಿಯುವ ಮುಖ್ಯ ಕಾರಣಗಳಲ್ಲಿ ರಕ್ತಸ್ರಾವವೂ ಒಂದು. ಗಾಯವಾದೊಡನೆ ರಕ್ತವು ಹೆಪ್ಪುಗಟ್ಟಿ ಸೋರಿಕೆಯನ್ನು ತಡೆಯುತ್ತದೆ. ಆದರೆ ತೀವ್ರವಾದ ಪೆಟ್ಟು ಬಿದ್ದಾಗ ಆ ಹೆಪ್ಪನ್ನು ದೇಹವೇ ಬೇಗನೆ ಕರಗಿಸಿಬಿಡುವುದುಂಟು. ಹೀಗಾಗದಂತೆ ತಡೆಯುವ ಔಷಧವೇ ಟ್ರಾನೆಕ್ಸಾಮಿಕ್ ಆಮ್ಲ. ಜಪಾನಿನ ಉಟಾಕೊ ಒಕಾಮೊಟೊ ಹಾಗೂ ಅವರ ಪತಿ ಶೊಸುಕೆ ಒಕಾಮೊಟೊ ಅವರು 1960ರ ದಶಕದಲ್ಲಿ ಇದನ್ನು ಕಂಡುಹಿಡಿದರು.

ಗಾಯಾಳುಗಳಿಗೆ ಇದು ಎಷ್ಟು ಉಪಯುಕ್ತವೆಂದು ಅರಿಯಲು ಭಾರತವೂ ಸೇರಿದಂತೆ 40 ದೇಶಗಳ 274 ಆಸ್ಪತ್ರೆಗಳಲ್ಲಿ, 20,211 ಮಂದಿಯನ್ನು ಒಳಗೊಂಡ ‘ಕ್ರ್ಯಾಶ್-2’ ಎಂಬ ಅಧ್ಯಯನ ನಡೆಯಿತು. 2010ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಔಷಧ ಪಡೆದವರಲ್ಲಿ ಮರಣ ಪ್ರಮಾಣ ಶೇ. 14.5, ಪಡೆಯದವರಲ್ಲಿ ಶೇ. 16. ಅಂತರ ಅಲ್ಪವೆನಿಸಿದರೂ, ಸಾವಿರ ಗಾಯಾಳುಗಳಲ್ಲಿ ಸುಮಾರು ಹದಿನೈದು ಜೀವಗಳು ಉಳಿದಂತಾಯಿತು. ಮರುವರ್ಷದ ವಿಶ್ಲೇಷಣೆಯು ಇನ್ನೊಂದು ಸಂಗತಿಯನ್ನು ತಿಳಿಸಿತು: ಗಾಯವಾದ ಮೂರು ಗಂಟೆಗಳೊಳಗೆ ಕೊಟ್ಟರೆ ಮಾತ್ರ ಈ ಔಷಧದಿಂದ ಉಪಕಾರ, ಅನಂತರ ಕೊಟ್ಟರೆ ರಕ್ತಸ್ರಾವದಿಂದ ಸಾಯುವ ಅಪಾಯವೇ ಹೆಚ್ಚಬಹುದು.

ಆದ್ದರಿಂದ ಗಾಯಾಳುವನ್ನು ಕಂಡೊಡನೆ 108ಕ್ಕೆ ಕರೆ ಮಾಡಿರಿ. ಶುಭ್ರವಾದ ಬಟ್ಟೆಯಿಂದ ರಕ್ತ ಸುರಿಯುವ ಜಾಗವನ್ನು ಬಲವಾಗಿ ಒತ್ತಿ ಹಿಡಿಯಿರಿ. ರಕ್ತ ನಿಂತಿತೇ ಎಂದು ಮತ್ತೆ ಮತ್ತೆ ಎತ್ತಿ ನೋಡಬೇಡಿರಿ. ಬಟ್ಟೆ ತೊಯ್ದರೆ ಅದರ ಮೇಲೆಯೇ ಇನ್ನೊಂದನ್ನಿಟ್ಟು ಒತ್ತಿರಿ. ಪೊಲೀಸು, ಕೋರ್ಟು ಎಂಬ ಅಂಜಿಕೆ ಬೇಡ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯು ಸದ್ಭಾವನೆಯಿಂದ ನೆರವಾದವರಿಗೆ ರಕ್ಷಣೆ ನೀಡಿದೆ. ಆ ಮೂರು ಗಂಟೆಗಳ ಮೊದಲ ನಿಮಿಷಗಳು ದಾರಿಹೋಕರಾದ ನಮ್ಮ ಕೈಯಲ್ಲಿವೆ.