ತಾಯಿ ಕಾರ್ಡು ತವರಿಗೆ ಹೋದಾಗ

ಕುಷ್ಟಗಿ ತಾಲ್ಲೂಕಿನ ಸೊಸೆಯೊಬ್ಬಳು ಚೊಚ್ಚಲ ಹೆರಿಗೆಗೆಂದು ಗಂಗಾವತಿ ಕಡೆಯ ತವರಿಗೆ ಹೋಗುತ್ತಾಳೆ. ಗರ್ಭಿಣಿಯೆಂದು ಅವಳ ಹೆಸರು ದಾಖಲಾದದ್ದು ಗಂಡನ ಊರಿನ ಉಪಕೇಂದ್ರದಲ್ಲಿ. ಹೆರಿಗೆ ಲೆಕ್ಕಕ್ಕೆ ಸಿಗುವುದು ಗಂಗಾವತಿಯ ಆಸ್ಪತ್ರೆಯಲ್ಲಿ. ತಿಂಗಳ ವರದಿಯಲ್ಲಿ ಮೊದಲ ತಾಲ್ಲೂಕು ಹಿಂದುಳಿದಂತೆ, ಎರಡನೆಯದು ಗುರಿ ಮೀರಿದಂತೆ ಕಾಣುತ್ತದೆ. ಎರಡೂ ನಿಜವಲ್ಲ. ಸೇವೆಯಲ್ಲಿದ್ದಾಗ ಇಂತಹ ವರದಿಗಳನ್ನು ಮುಂದಿಟ್ಟುಕೊಂಡು ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯರನ್ನು ಸಭೆಯಲ್ಲಿ ಎದ್ದು ನಿಲ್ಲಿಸಿ ನಾನೂ ಪ್ರಶ್ನಿಸಿದ್ದುಂಟು. ಛೇದ ತಪ್ಪಿದರೆ ಭಾಗಲಬ್ಧವೂ ತಪ್ಪುತ್ತದೆಂಬುದು ಅರ್ಥಶಾಸ್ತ್ರ ಓದಿದವನಿಗೆ ಆಗಲೇ ಹೊಳೆಯಬೇಕಿತ್ತು.

ಶುಶ್ರೂಷೆ ಮತ್ತು ಗಣಕ ವಿಜ್ಞಾನಗಳನ್ನು ಬೆಸೆದ ಮಾಹಿತಿಶಾಸ್ತ್ರವೊಂದು ಈಗ ಬೆಳೆದು ನಿಂತಿದೆ. ಗ್ರೇವ್ಸ್ ಮತ್ತು ಕೋರ್ಕೊರನ್ ಎಂಬ ವಿದುಷಿಯರು 1989ರಲ್ಲಿ ಅದಕ್ಕೆ ಮೂರು ಮೆಟ್ಟಿಲುಗಳನ್ನು ಗುರುತಿಸಿದರು: ದತ್ತಾಂಶ, ಮಾಹಿತಿ, ಜ್ಞಾನ. ಹಿಮೋಗ್ಲೋಬಿನ್ 6 ಎಂಬುದು ದತ್ತಾಂಶ. ಎರಡು ತಿಂಗಳ ಹಿಂದೆ ಅದು 9 ಇತ್ತು, ಈಗ ಈಕೆಗೆ ಎಂಟನೆಯ ತಿಂಗಳು ಎಂದು ಜೋಡಿಸಿದಾಗ ಮಾಹಿತಿ. ರಕ್ತ ದೊರೆಯುವ ಆಸ್ಪತ್ರೆಗೆ ಇವಳನ್ನು ಈಗಲೇ ಕಳುಹಿಸಬೇಕೆಂದು ಸಹಾಯಕಿ ನಿರ್ಧರಿಸುವುದು ಜ್ಞಾನ. ನಮ್ಮ ವ್ಯವಸ್ಥೆ ಮೊದಲ ಮೆಟ್ಟಿಲಲ್ಲೇ ಕುಳಿತಿದೆ. 6 ಎಂಬ ಅಂಕಿ ಮೇಲೇರುತ್ತದೆ, ಬರೆದವಳಿಗೆ ಏನೂ ಮರಳುವುದಿಲ್ಲ.

2008ರಲ್ಲಿ ಅಂತರಜಾಲಕ್ಕೆ ಬಂದ ಆರೋಗ್ಯ ನಿರ್ವಹಣಾ ಮಾಹಿತಿ ವ್ಯವಸ್ಥೆ ಮೊತ್ತಗಳನ್ನು ಎಣಿಸುವಂಥದು. ಹೆಸರು ಹಿಡಿದು ಜಾಡು ಹುಡುಕುವ ವ್ಯವಸ್ಥೆ ಅನಂತರದ್ದು. ಆದರೆ ಹೆಸರೇ ತೊಡಕು. ಒಂದು ಕಡೆ ಹನುಮವ್ವ, ಇನ್ನೊಂದು ಕಡೆ ಹನುಮಮ್ಮ, ಒಬ್ಬಳೇ ಇಬ್ಬರಾಗುತ್ತಾಳೆ. ತುಂಗಭದ್ರಾ ಎಡದಂಡೆ ಕಾಲುವೆಯಿಂದ ಭತ್ತ ಬೆಳೆಯುವ ಗಂಗಾವತಿಗೂ ಮಳೆ ನಂಬಿದ ಯಲಬುರ್ಗಾ, ಕುಷ್ಟಗಿಗಳಿಗೂ ನಡುವೆ ದುಡಿಯುವ ಜನರ ಓಡಾಟ ನಿರಂತರ. ಗುಳೆ ಹೋದವಳು ಯಾವ ಛೇದಕ್ಕೆ ಸೇರಬೇಕು? 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟಾಗ ನಾಲ್ಕೇ ತಾಲ್ಲೂಕುಗಳಿದ್ದ ಕೊಪ್ಪಳ ಜಿಲ್ಲೆಯಲ್ಲಿ ಈಗ ಏಳಿವೆ. ಹಳೆಯ ಗಂಗಾವತಿಯ ಅಂಕಿಯನ್ನು ಇಂದಿನದಕ್ಕೆ ಹಾಗೆಯೇ ಹೋಲಿಸುವಂತಿಲ್ಲ.

ಕೊಪ್ಪಳವೂ ಸೇರಿ ಉತ್ತರ ಕರ್ನಾಟಕದ ಎಂಟು ಜಿಲ್ಲೆಗಳಲ್ಲಿ ನಡೆದ ‘ಸುಕ್ಷೇಮ’ ಯೋಜನೆ ಆಶಾ ಕಾರ್ಯಕರ್ತೆಯರ ಕೈಗೆ ಮನೆಮನೆ ಎಣಿಕೆಯ ಪಟ್ಟಿಯನ್ನಿತ್ತಿತ್ತು. ಸಾಧನ ಸರಳವಾದುದು, ಆದರೆ ಬರೆದವಳಿಗೇ ಅದು ಉಪಯೋಗಕ್ಕೆ ಬರುತ್ತಿತ್ತು. 2021ರಿಂದ ದೇಶದಾದ್ಯಂತ ನೀಡುತ್ತಿರುವ 14 ಅಂಕಿಗಳ ‘ಆಭಾ’ ಸಂಖ್ಯೆ ಹನುಮವ್ವನನ್ನು ಒಬ್ಬಳನ್ನಾಗಿಯೇ ಉಳಿಸಬಲ್ಲದು, ಎರಡೂ ಊರಿನವರು ಅದನ್ನು ಕೇಳಿ ಬರೆದುಕೊಂಡರೆ. ಒಂದು ಗಣಕದ ಬರಹವನ್ನು ಇನ್ನೊಂದು ಅರ್ಥ ಮಾಡಿಕೊಳ್ಳುವುದನ್ನು ತಜ್ಞರು ಇಂಟರ್‌ಆಪರೆಬಿಲಿಟಿ ಎನ್ನುತ್ತಾರೆ. ಬಾಯಿಗೆ ಸುಲಭವಾಗಿ ಬರುವ ಕನ್ನಡ ಪದ ನನಗಂತೂ ಹೊಳೆದಿಲ್ಲ. ಪದವಿರಲಿ, ಕುಷ್ಟಗಿಯ ಸಹಾಯಕಿಗೆ ತನ್ನ ಪಟ್ಟಿಯ ಹೆಣ್ಣುಮಗಳು ಗಂಗಾವತಿಯಲ್ಲಿ ಹೆತ್ತಳೇ, ರಕ್ತ ದೊರೆಯಿತೇ, ಮಗು ಹೇಗಿದೆ ಎಂಬುದು ಅದೇ ವಾರ ಮರಳಿ ತಿಳಿಯುವಂತಿರಬೇಕು. ಮಾಸಿಕ ಸಭೆಯಲ್ಲಿ ಅಧಿಕಾರಿ ಮೊದಲು ಕೇಳಬೇಕಾದುದೂ ಅದನ್ನೇ.