ಪೇಟೆ ಬೀದಿಯ ದುಡ್ಡು ಎಲ್ಲಿಗೆ ಹೋಗುತ್ತದೆ?

ಪಾಂಡವಪುರದ ಪೇಟೆ ಬೀದಿಯಲ್ಲಿ ಕೊಟ್ಟ ನೂರು ರೂಪಾಯಿ
ಮುಂದೆ ಎಲ್ಲಿಗೆ ಹೋಗುತ್ತದೆ?

ದಿನಸಿ ಅಂಗಡಿಯಿಂದ ಸೊಪ್ಪಿನವಳಿಗೆ.
ಅವಳಿಂದ ದರ್ಜಿಗೆ. ಅಲ್ಲಿಂದ ಹೋಟೆಲ್ಲಿಗೆ.

ಕೆ.ಆರ್.ಎಸ್. ನಾಲೆಯ ನೀರು
ಒಂದು ಗದ್ದೆ ತುಂಬಿ
ಕೆಳಗಿನ ಗದ್ದೆಗೆ ಇಳಿಯುವ ಹಾಗೆ.

ಆದರೆ ಹೊರಗಿನ ಕಂಪನಿಗೆ ಹೋದ ಲಾಭ
ಊರಿಗೆ ಮರಳುವುದು ಕಡಿಮೆ.

ಸಣ್ಣ ಅಂಗಡಿಯ ಇನ್ನೊಂದು ಬಲ, ಲೆಕ್ಕದ ಪುಸ್ತಕ.
ಕಬ್ಬಿನ ದುಡ್ಡು ಕೈಗೆ ಬರುವ ತನಕ
ಕೆ.ಆರ್. ಪೇಟೆಯ ರೈತನ ಮನೆಗೆ
ಅಕ್ಕಿ, ಬೇಳೆ ಬರೆಸಿಕೊಂಡೇ ಬರುತ್ತದೆ.

ಅಂಗಡಿಗೂ ಬಂಡವಾಳ ಬೇಕು.
ಬೀದಿ ವ್ಯಾಪಾರಿಗಳಿಗೆ 2020ರಲ್ಲಿ ಬಂದದ್ದು ಪಿಎಂ ಸ್ವನಿಧಿ:
ಜಾಮೀನು ಕೇಳದ ಸಾಲ.

ಬೆಲ್ಲ ಮಾಡುವಂಥ ಕಿರು ಆಹಾರ ಘಟಕಕ್ಕೆ ಪಿಎಂಎಫ್‌ಎಂಇ:
ಕೇಂದ್ರ ಯೋಜನೆಯಲ್ಲಿ ಸಹಾಯಧನ ವೆಚ್ಚದ ಶೇ. 35,
ಮಿತಿ 10 ಲಕ್ಷ ರೂಪಾಯಿ.

ನಾಗಮಂಗಲದಲ್ಲಿ ಹೊಲಿಸಿದ ಅಂಗಿ,
ಶ್ರೀರಂಗಪಟ್ಟಣದಲ್ಲಿ ಪ್ರವಾಸಿ ಕುಡಿದ ಎಳನೀರು,
ಎಲ್ಲದರ ಕಾಸಿಗೂ ಇದೇ ನಾಲೆ.