ಪುಂಡಾಟಕ್ಕೆ ಊರು ಕೊಟ್ಟ ಉತ್ತರ

ಬೆಳಗ್ಗೆ ಎದ್ದು ನೋಡಿದರೆ ಪೇಟೆಬೀದಿಯ ತುಂಬ ದನಗಳು. ಕಿಟಕಿ ಗಾಜಿಗೆಲ್ಲ ಸೋಪು ಮೆತ್ತಿದೆ. ಹಿತ್ತಲಿನ ಕಕ್ಕಸುಗಳು ಮಗುಚಿ ಬಿದ್ದಿವೆ. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಅಮೆರಿಕದ ಮಿನ್ನೆಸೋಟ ರಾಜ್ಯದ ಅನೋಕಾ ಊರಿನವರಿಗೆ ಹ್ಯಾಲೋವೀನ್ ಮರುದಿನದ ಪಾಡು ಇದು. ಅಕ್ಟೋಬರ್ 31ರ ರಾತ್ರಿ ಹುಡುಗರದ್ದೇ ರಾಜ್ಯಭಾರ. ಕಾಮದಹನಕ್ಕೆಂದು ಮನೆಮನೆಯ ಕಟ್ಟಿಗೆ, ಕುಳ್ಳು ಕದ್ದು ಒಟ್ಟುವ ನಮ್ಮ ಉತ್ತರ ಕರ್ನಾಟಕದ ಹುಡುಗರನ್ನು ಕಂಡವರಿಗೆ ಈ ಪುಂಡಾಟದ ಪರಿಚಯ ಹೇಳಬೇಕಿಲ್ಲ.

ಹಬ್ಬದ ಬೇರು ಇರುವುದು ಐರ್ಲೆಂಡ್, ಸ್ಕಾಟ್ಲೆಂಡ್ ಕಡೆ. ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ಹೊತ್ತಿನ ಆಚರಣೆ, ಮುಂದೆ ನವೆಂಬರ್ 1ರ ಕ್ರೈಸ್ತ ಸಂತರ ಹಬ್ಬದ ಜೊತೆ ಸೇರಿಕೊಂಡಿತು. 19ನೇ ಶತಮಾನದಲ್ಲಿ ವಲಸೆ ಬಂದವರೊಂದಿಗೆ ಅಮೆರಿಕಕ್ಕೂ ಬಂತು. ಆದರೆ ಇವತ್ತು ಅಪ್ಪ, ಅಮ್ಮ, ಕೂಸು ಎಲ್ಲರೂ ವೇಷ ಹಾಕಿಕೊಂಡು ಹೋಗುವ ಊರೊಟ್ಟಿನ ಹ್ಯಾಲೋವೀನ್ ಇದೆಯಲ್ಲ, ಅದು ಅಷ್ಟು ಹಳೆಯದೇನಲ್ಲ. ತಮ್ಮ ಮಕ್ಕಳ ಕಾಟ ತಾಳಲಾರದ ಊರಿನ ಜನ ಕೂತು ಯೋಚಿಸಿ ಕಟ್ಟಿದ್ದು.

ಅನೋಕಾದ ಹಿರಿಯರು ಪೊಲೀಸರನ್ನು ಹೆಚ್ಚಿಸಬಹುದಿತ್ತು, ದಂಡ ಹಾಕಬಹುದಿತ್ತು. ಅದರ ಬದಲು 1920ರಲ್ಲಿ ಅವರು ಸಮಿತಿಯೊಂದನ್ನು ರಚಿಸಿದರು. ಜಾರ್ಜ್ ಗ್ರೀನ್ ಎಂಬುವವರು ಅದರ ಮುಂದಾಳು. ವರ್ತಕರು, ಶಾಲಾ ಶಿಕ್ಷಕರು ಜೊತೆಗಿದ್ದರು. ರಾತ್ರಿಯಿಡೀ ಹುಡುಗರ ಕೈಕಾಲಿಗೆ ಕೆಲಸ ಕೊಟ್ಟರೆ ದನದ ಹಗ್ಗ ಬಿಚ್ಚಲು ಪುರುಸೊತ್ತು ಎಲ್ಲಿ ಸಿಗುತ್ತದೆ ಎಂಬುದು ಅವರ ಲೆಕ್ಕ. ಮಕ್ಕಳ ಮೆರವಣಿಗೆ ಹೊರಟಿತು. ಮುಗಿದ ಮೇಲೆ ಪಾಪ್‌ಕಾರ್ನ್, ಮಿಠಾಯಿ ಹಂಚಿದರು, ದೊಡ್ಡ ಬೆಂಕಿ ಹಾಕಿ ಎಲ್ಲರೂ ಸುತ್ತ ನೆರೆದರು. ಈ ಕಥೆಯಲ್ಲಿ ನನಗೆ ತುಂಬ ಇಷ್ಟವಾದದ್ದು ಇದು: ಹುಡುಗರ ಉಮೇದನ್ನು ಹಿರಿಯರು ಅವಮಾನಿಸಲಿಲ್ಲ, ಅದಕ್ಕೊಂದು ಬೀದಿಯನ್ನೇ ಬಿಟ್ಟುಕೊಟ್ಟರು.

1937ರಲ್ಲಿ ಹೆರಾಲ್ಡ್ ಬ್ಲೇರ್ ಎಂಬ ಊರ ಹುಡುಗ ಹ್ಯಾಲೋವೀನ್ ಲಾಂಛನದ ಸ್ವೆಟರ್ ತೊಟ್ಟು ವಾಷಿಂಗ್ಟನ್‌ಗೆ ಹೋದ. ಅನೋಕಾ ‘ಜಗತ್ತಿನ ಹ್ಯಾಲೋವೀನ್ ರಾಜಧಾನಿ’ ಎಂದು ಸಾರುವ ಘೋಷಣಾಪತ್ರ ಅವನ ಕೈಯಲ್ಲಿತ್ತು. ಊರು ಇಂದಿಗೂ ಆ ಬಿರುದನ್ನು ಹೆಮ್ಮೆಯಿಂದ ಹೊತ್ತಿದೆ. ಎರಡನೇ ಮಹಾಯುದ್ಧದ 1942, 1943ರಲ್ಲಿ ಮೆರವಣಿಗೆ ನಿಂತಿತ್ತು. ಅದೇ 1942ರಲ್ಲಿ ಶಿಕಾಗೊ ನಗರಸಭೆ ಹ್ಯಾಲೋವೀನನ್ನೇ ರದ್ದುಮಾಡಿ, ಅದರ ಜಾಗದಲ್ಲಿ ‘ಸಂರಕ್ಷಣಾ ದಿನ’ ಆಚರಿಸಬೇಕೆಂದು ಮತ ಹಾಕಿತ್ತು. ಹಬ್ಬವೇನೂ ಹೋಗಲಿಲ್ಲ. ಹುಡುಗರ ಹಬ್ಬ ಠರಾವಿಗೆ ಬಗ್ಗುವಂಥದ್ದೂ ಅಲ್ಲ.

ಅನೋಕಾದಲ್ಲೀಗ ಮೂರು ಮೆರವಣಿಗೆಗಳು. ದೀಪಾಲಂಕಾರದ್ದೊಂದು, ಶಾಲೆಯ ಪುಟಾಣಿಗಳದ್ದೊಂದು, ಕೊನೆಗೆ ಮಹಾ ಮೆರವಣಿಗೆ. ನಡೆಸುವುದು ಲಾಭದಾಸೆಯಿಲ್ಲದ ಸಂಸ್ಥೆ, ದುಡಿಯುವವರು ಸ್ವಯಂಸೇವಕರು. ವರ್ಷಕ್ಕೊಂದು ಹೊಸ ಬಿಲ್ಲೆ ಮಾಡಿಸಿ ಮಾರುತ್ತಾರೆ, ಜನ ಅದನ್ನು ಅಂಗಿಗೆ ಚುಚ್ಚಿಕೊಂಡು ಓಡಾಡುತ್ತಾರೆ. ಖರ್ಚಿಗೆ ಒಂದಿಷ್ಟು ದಾರಿಯೂ ಆಗುತ್ತದೆ.

ಅನೋಕಾ ಸಣ್ಣ ಊರು, ಅಲ್ಲಿ ಇದೆಲ್ಲ ನಡೆದೀತು ಎನ್ನುವವರು ಡೆಟ್ರಾಯಿಟ್ ನಗರವನ್ನು ನೋಡಬೇಕು. ಕಾರು ಕಾರ್ಖಾನೆಗಳು ಬಾಗಿಲು ಹಾಕಿ, ಜನ ಊರು ಬಿಟ್ಟು, ಬೀದಿಬೀದಿಯಲ್ಲಿ ಪಾಳುಮನೆಗಳು ಉಳಿದಿದ್ದ ಕಾಲ. ಹ್ಯಾಲೋವೀನ್ ಹಿಂದಿನ ರಾತ್ರಿಗೆ ಅಲ್ಲಿ ‘ಡೆವಿಲ್ಸ್ ನೈಟ್’ ಎಂದೇ ಹೆಸರು. 1984ರಲ್ಲಿ ಮೂರೇ ದಿನಗಳಲ್ಲಿ 800ಕ್ಕೂ ಹೆಚ್ಚು ಕಡೆ ಬೆಂಕಿ ಬಿತ್ತು. ಮಕ್ಕಳು ಕತ್ತಲಾದ ಮೇಲೆ ಹೊರಗೆ ಬರದಂತೆ ಕರ್ಫ್ಯೂ ಹಾಕಿದರು, ಜನರ ಗಸ್ತೂ ಶುರುವಾಯಿತು. 1995ರಲ್ಲಿ ಮೇಯರ್ ಡೆನಿಸ್ ಆರ್ಚರ್ ಆ ಗಸ್ತನ್ನು ಇನ್ನೂ ದೊಡ್ಡದು ಮಾಡಿ ‘ಏಂಜಲ್ಸ್ ನೈಟ್’ ಎಂದು ಹೆಸರಿಟ್ಟರು. ಹತ್ತಾರು ಸಾವಿರ ಜನ ಬಂದರು. ಕಾರಿನ ನೆತ್ತಿಗೆ ಮಿನುಗುವ ಹಳದಿ ದೀಪ ಇಟ್ಟುಕೊಂಡು ತಮ್ಮ ಬಡಾವಣೆಯ ಬೀದಿಗಳನ್ನು ನಿಧಾನಕ್ಕೆ ಸುತ್ತಿದರು. ಪಕ್ಕದ ಪಾಳುಮನೆಯನ್ನು ದತ್ತು ಪಡೆದು ಅದರ ಮೇಲೆ ಕಣ್ಣಿಟ್ಟವರೂ ಇದ್ದರು. ಬೆಂಕಿ ಕ್ರಮೇಣ ಇಳಿಯಿತು. ಕೊನೆಗೆ 2018ರಲ್ಲಿ ನಗರ ಈ ಕಾವಲನ್ನೇ ಕೈಬಿಟ್ಟು, ಪೊಲೀಸ್ ಠಾಣೆ, ಅಗ್ನಿಶಾಮಕ ಠಾಣೆಗಳಲ್ಲೇ ಮಕ್ಕಳಿಗೆ ಮಿಠಾಯಿ ಹಂಚುವ ಹಬ್ಬಕ್ಕೆ ತಿರುಗಿತು.

ಹ್ಯಾಲೋವೀನ್ ರಾತ್ರಿ ಮಕ್ಕಳು ವೇಷ ತೊಟ್ಟು ಮನೆಮನೆಯ ಬಾಗಿಲು ತಟ್ಟಿ ಮಿಠಾಯಿ ಪಡೆಯುವುದು ರೂಢಿ. ಈಚಿನ ದಶಕಗಳಲ್ಲಿ ಇನ್ನೊಂದು ಬಗೆ ಬಂದಿದೆ. ಚರ್ಚ್ ಅಥವಾ ಶಾಲೆಯ ಪಾರ್ಕಿಂಗ್ ಜಾಗದಲ್ಲಿ ಸಾಲಾಗಿ ಕಾರು ನಿಲ್ಲಿಸಿ, ಡಿಕ್ಕಿಯನ್ನೇ ಭೂತದ ಗುಹೆಯಂತೆ ಸಿಂಗರಿಸಿ, ಅಲ್ಲಿಂದಲೇ ಮಿಠಾಯಿ ಕೊಡುವುದು. ವಾಹನಗಳ ಭಯವಿಲ್ಲ, ಅಪರಿಚಿತರ ಬಾಗಿಲು ತಟ್ಟುವ ಅಳುಕಿಲ್ಲ. ಅಪರಿಚಿತರು ಮಿಠಾಯಿಗೆ ವಿಷ ಬೆರೆಸುತ್ತಾರೆಂಬ ಭೀತಿ ಅಮೆರಿಕದಲ್ಲಿ ಬಹುಕಾಲ ಹಬ್ಬಿತ್ತು. ಸಮಾಜಶಾಸ್ತ್ರಜ್ಞ ಜೋಯೆಲ್ ಬೆಸ್ಟ್ ಹಳೆಯ ಪತ್ರಿಕಾ ವರದಿಗಳನ್ನು ಜಾಲಾಡಿದಾಗ, ಹಾಗೆ ಮಗು ಸತ್ತ ಒಂದು ಪ್ರಕರಣವೂ ಅವರಿಗೆ ಸಿಗಲಿಲ್ಲ. ನಿಜವಾದ ಅಪಾಯ ಕತ್ತಲ ರಸ್ತೆಯಲ್ಲಿ ಬರುವ ಕಾರಿನದು.

ಕಡಲೆಕಾಯಿ, ಹಾಲು ಒಗ್ಗದ ಮಕ್ಕಳಿಗೂ ಈ ಹಬ್ಬದಲ್ಲಿ ಜಾಗ ಸಿಕ್ಕಿದೆ. 2012ರಲ್ಲಿ ಟೆನೆಸಿ ರಾಜ್ಯದ ಆಹಾರ ಅಲರ್ಜಿಯ ಗುಂಪೊಂದು, ಮನೆ ಮುಂದೆ ಹಸಿರುನೀಲಿ ಬಣ್ಣದ ಕುಂಬಳಕಾಯಿ ಇಡುವ ರೂಢಿ ಹಾಕಿತು. ಅಂಥ ಮನೆಯಲ್ಲಿ ಪೆನ್ಸಿಲ್, ಸ್ಟಿಕ್ಕರ್, ಪುಟ್ಟ ಆಟಿಕೆ ಸಿಗುತ್ತವೆ ಎಂಬುದು ಅದರ ಗುರುತು. ಎರಡು ವರ್ಷದೊಳಗೆ ದೇಶದ ತುಂಬ ಹರಡಿತು.

ಮಗಳ ಮನೆಗೋ ಮಗನ ಮನೆಗೋ ಎಂದು ಅಮೆರಿಕಕ್ಕೆ ಹೋಗುವ ನಮ್ಮ ಅಪ್ಪ ಅಮ್ಮಂದಿರಿಗೆ ಒಂದು ಮಾತು. ಅಕ್ಟೋಬರ್ ಕೊನೆಗೆ ಅಲ್ಲೇ ಇದ್ದರೆ, ಮಿಠಾಯಿ ಬಟ್ಟಲು ಹಿಡಿದು ಬಾಗಿಲಲ್ಲಷ್ಟೇ ನಿಲ್ಲಬೇಡಿ. ಮೊಮ್ಮಗಳ ಶಾಲೆಯ ಅಂಗಳದಲ್ಲೋ ಬಡಾವಣೆಯಲ್ಲೋ ಇಂಥದ್ದು ನಡೆಯುತ್ತಿದೆಯೇ ವಿಚಾರಿಸಿ. ಮಕ್ಕಳನ್ನು ರಸ್ತೆ ದಾಟಿಸಲು, ಮೇಜು ಜೋಡಿಸಲು, ಮುಗಿದ ಮೇಲೆ ಕಸ ಬಳಿಯಲು ಜನ ಬೇಕೇ ಬೇಕು. ಇಂಗ್ಲಿಷ್ ಬಾರದೆಂಬ ಅಂಜಿಕೆ ಬೇಡ, ಹೋಗಿ ಕೈಜೋಡಿಸಿ.